ಶ್ರಮ–ಗುಲಗಂಜಿ ನ್ಯಾಯ: ಒಂದು ನಿರುದ್ಯೋಗ ಮೀಮಾಂಸೆ

ಕೆಲಸ ಹುಡುಕುವಾಗ ಪಟ್ಟ ಶ್ರಮಕ್ಕೆ ತೂಕವುಂಟೇ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಎತ್ತಿಕೊಳ್ಳಲೇ ಇಲ್ಲ. ಅವರಿಗೆ ರಾಜಾಶ್ರಯವಿತ್ತು, ಬಯೋಡೇಟಾ ಬೇಕಿರಲಿಲ್ಲ. ಆದಕಾರಣ ಈ ಪ್ರಬಂಧ.

ಮೊದಲು ತೂಕದ ಬಟ್ಟು. ಟಿ. ನರಸೀಪುರದ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ. ಕಾವೇರಿ, ಕಪಿಲೆ ಕೂಡುವ ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂಬುದು ಪ್ರತೀತಿ. ಕಾಶಿಯನ್ನೇ ಮೀರಿಸಲು ಒಂದು ಕಾಳು ಸಾಕಾದರೆ, ಸಾಲಿನಲ್ಲಿ ಮುಂದೆ ನಿಂತ ಐಟಿಐ ಹುಡುಗನನ್ನು ಮೀರಿಸಲು ಎಷ್ಟು ಬೇಕು? (ಪಂಡಿತರು ಇಲ್ಲಿ ತಲೆದೂಗಬಹುದು.)

ಇನ್ನು ಇತಿಹಾಸ. ನರಸೀಪುರದ ಸಂಗಮದಲ್ಲಿ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ ಶುರುವಾದದ್ದು 1989ರಲ್ಲಿ. ನಂಜನಗೂಡಿನಲ್ಲಿ ನೆಸ್ಲೆ ಕಾರ್ಖಾನೆ ಶುರುವಾದದ್ದೂ 1989ರಲ್ಲಿ. ಮುಳುಗುವವರಿಗೆ ಅಲ್ಲಿ, ಏಳುವವರಿಗೆ ಇಲ್ಲಿ ವ್ಯವಸ್ಥೆಯಾಯಿತು. ಕಾಕತಾಳೀಯ ಎನ್ನುವವರು ಒಂದು ಲೋಟ ಕಾಫಿ ಕುಡಿದು ಮತ್ತೆ ಓದತಕ್ಕದ್ದು.

ಪ್ರತ್ಯಕ್ಷ ಪ್ರಮಾಣ, ನಂಜನಗೂಡು ಕೈಗಾರಿಕಾ ಪ್ರದೇಶದ ಯಾವುದೋ ಒಂದು ಗೇಟು:

“ಒಳಗೆ ಯಾರಾದ್ರೂ ಗೊತ್ತೇನಪ್ಪಾ?”

“ಇಲ್ಲ ಸಾರ್. ಫಿಟ್ಟರ್ ಮಾಡಿದ್ದೀನಿ.”

“ಎಕ್ಸ್‌ಪೀರಿಯೆನ್ಸು?”

“ಕೆಲ್ಸ ಕೊಟ್ರೆ ಆಯ್ತದೆ ಸಾರ್.”

“ಕೊಟ್ಟೋಗು, ಹೇಳ್ತೀವಿ.”

ಸೆಕ್ಯುರಿಟಿಯವರ ಮೇಜಿನ ಮೇಲಿದ್ದ ಬಯೋಡೇಟಾಗಳ ಮೇಲೆ ಟೀ ಲೋಟದ ಉಂಗುರ ಮೂಡಿತ್ತು. ಅದನ್ನು ಸ್ವೀಕೃತಿ ಮುದ್ರೆಯೆಂದು ತಿಳಿಯುವುದು. ಅನುಭವವಿಲ್ಲದೆ ಕೆಲಸವಿಲ್ಲ, ಕೆಲಸವಿಲ್ಲದೆ ಅನುಭವವಿಲ್ಲ. ತರ್ಕಶಾಸ್ತ್ರದಲ್ಲಿ ಇದು ಅನ್ಯೋನ್ಯಾಶ್ರಯ ದೋಷ, ಗೇಟಿನಲ್ಲಿ ರೂಲ್ಸು. ಅಪ್ರೆಂಟಿಸ್ ಆಗಿ ದೋಷ ಕಳೆದುಕೊಳ್ಳಬಹುದಲ್ಲ ಎಂದರೆ, ತರಬೇತಿ ಮುಗಿಸಿದ ಪ್ರತಿಯೊಬ್ಬನಿಗೂ ಕೆಲಸ ಕೊಡಲೇಬೇಕೆಂದು 1961ರ ಅಪ್ರೆಂಟಿಸ್ ಕಾಯಿದೆ ಮಾಲೀಕರಿಗೆ ಹೇಳುವುದಿಲ್ಲ.

ಪೂರ್ವಪಕ್ಷ: ಕಷ್ಟಪಟ್ಟವರಿಗೆ ಕೆಲಸ ಸಿಕ್ಕೇ ಸಿಗುತ್ತದೆ. ಇದು ಕೆಲಸ ಸಿಕ್ಕವರ ಮಾತು. ಸಿಗದವರನ್ನು ಕಾಲೇಜು ವಾರ್ಷಿಕೋತ್ಸವಕ್ಕೆ ಯಾರೂ ಕರೆಯದ ಕಾರಣ ಖಂಡನೆ ಎಲ್ಲೂ ದಾಖಲಾಗಿಲ್ಲ.

ಸಿದ್ಧಾಂತ: ಶ್ರಮವೆಂಬ ಗುಲಗಂಜಿಗೆ ತೂಕವಿದೆ, ಸುಳ್ಳಲ್ಲ. ನೂರು ಗೇಟು ಸುತ್ತಿದವನಿಗೆ ನೂರೊಂದನೆಯ ಗೇಟಿನ ದಾರಿಯಾದರೂ ಗೊತ್ತಿರುತ್ತದೆ, ಮನೆಯಲ್ಲಿ ಮಲಗಿದವನಿಗೆ ಅದೂ ಇಲ್ಲ. ಆದರೆ ಗುಲಗಂಜಿ ತೂಗುವುದು ತಕ್ಕಡಿ ಸಮನಿದ್ದಾಗ ಮಾತ್ರ. ಎದುರು ತಟ್ಟೆಯಲ್ಲಿ ಯಾರದೋ ಸೋದರಮಾವ ಕೂತಿದ್ದರೆ, ಚೀಲಗಟ್ಟಲೆ ಗುಲಗಂಜಿ ಸುರಿದರೂ ಮುಳ್ಳು ಅಲ್ಲಾಡದು.

ಆದ್ದರಿಂದ ಓದುಗರಲ್ಲಿ ವಿನಂತಿ: ಜೆರಾಕ್ಸ್ ಎರಡು ಸೆಟ್ ಇಟ್ಟುಕೊಳ್ಳಿ, ಬೆಳಗಿನ ಶಿಫ್ಟಿಗೆ ಮುಂಚೆಯೇ ಗೇಟಿನಲ್ಲಿ ನಿಲ್ಲಿ, ಸೋದರಮಾವನ ಮೇಲೆ ಹೂಡಿರುವ ಜಮೀನಿನ ಕೇಸನ್ನು ಈ ವಾರವೇ ರಾಜಿ ಮಾಡಿಕೊಳ್ಳಿ.