ಪರದೇಶಿ ಪ್ರಚಾರಕ ಮೀಮಾಂಸೆ

ಮೊದಲು ಲಕ್ಷಣ. ಯಾವ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ತನ್ನ ಹೆಸರಿಲ್ಲವೋ, ಇರಲು ಸಾಧ್ಯವೂ ಇಲ್ಲವೋ, ಅಲ್ಲಿನ ಜನ ಯಾರಿಗೆ ಮತ ಹಾಕಬೇಕೆಂದು ಬೇರೆ ದೇಶದವನಾಗಿದ್ದೂ ಅಪ್ಪಣೆ ಕೊಡುವ ಪ್ರಸಿದ್ಧ ವ್ಯಕ್ತಿಯೇ ಪರದೇಶಿ ಪ್ರಚಾರಕ. 2019ರಲ್ಲಿ ಮಂಡ್ಯದ ಬಿಸಿಲಿನಲ್ಲಿ ಸುಮಲತಾ ಪರ ಬೆವರು ಸುರಿಸಿದ ‘ಜೋಡೆತ್ತು’ ಚಿತ್ರನಟರಿಬ್ಬರು ಈ ಲಕ್ಷಣಕ್ಕೆ ಸೇರುವುದಿಲ್ಲ. ಅವರ ಪಾಸ್‌ಪೋರ್ಟಿನ ಬಣ್ಣವೂ ಮಂಡ್ಯದವರದೇ.

ಪ್ರಭೇದಗಳು ಮೂರು: ಆನೀತ, ಆಗಂತುಕ, ಅಶರೀರಿ.

ಪಕ್ಷವೇ ಕರೆಸಿ, ಹಾರ ಹಾಕಿ, ವಾಹನದ ಮೇಲೆ ನಿಲ್ಲಿಸಿ ಕೈ ಬೀಸಿಸುವ ಜಾತಿ ಆನೀತ. ಈ ಪ್ರಭೇದವನ್ನು ಅಭ್ಯಾಸ ಮಾಡಬಯಸುವವರು 2019ರ ಏಪ್ರಿಲ್‌ನ ಪಶ್ಚಿಮ ಬಂಗಾಳವನ್ನೇ ನೋಡಬೇಕು. ರಾಯಗಂಜ್‌ನಲ್ಲಿ ತೃಣಮೂಲ ಕಾಂಗ್ರೆಸ್ಸಿನ ಕನ್ಹಯ್ಯಾಲಾಲ್ ಅಗರ್‌ವಾಲ್ ಪರ ಮತ ಕೇಳಿದವರು ಬಾಂಗ್ಲಾದೇಶದ ನಟ ಫಿರ್ದೌಸ್ ಅಹ್ಮದ್. ಗಡಿಯ ಎರಡೂ ಕಡೆ ಒಂದೇ ಭಾಷೆ. 1998ರ ‘ಹಠಾತ್ ಬೃಷ್ಟಿ’ ಚಿತ್ರದಿಂದ ಅವರು ಕೋಲ್ಕತ್ತದವರಿಗೂ ಬೇಕಾದವರು. ಪರದೇಶದವರೆಂಬುದು ಜನರಿಗೆ ಹೊಳೆದಿರಲಿಕ್ಕಿಲ್ಲ, ಬಿಜೆಪಿಗೆ ಹೊಳೆಯಿತು. ದೂರು ಹೋಯಿತು. ಗೃಹ ಸಚಿವಾಲಯ ಅವರ ಬಿಸಿನೆಸ್ ವೀಸಾ ರದ್ದು ಮಾಡಿ, ದೇಶ ಬಿಡಲು ನೋಟಿಸ್ ಕೊಟ್ಟು, ಹೆಸರನ್ನು ಕಪ್ಪುಪಟ್ಟಿಗೆ ಸೇರಿಸಿತು. ಮತ ಕೇಳುವುದು ವ್ಯಾಪಾರವಲ್ಲವೆಂದು ಸರ್ಕಾರವೊಂದು ಲಿಖಿತವಾಗಿ ಒಪ್ಪಿಕೊಂಡ ಅಪರೂಪದ ಸಂದರ್ಭವೆಂದು ಇದನ್ನು ವಿದ್ವಾಂಸರು ಗುರುತಿಸಬೇಕು.

ಇಲ್ಲಿ ಪೂರ್ವಪಕ್ಷ ಏಳುತ್ತದೆ. ಅದೇ ತಿಂಗಳು ಜಾದವಪುರದಲ್ಲಿ ಬಿಜೆಪಿಯ ಅನುಪಮ್ ಹಾಜ್ರಾ ಜೊತೆ ಮೆರವಣಿಗೆ ಹೊರಟವರು ಕುಸ್ತಿಪಟು ಗ್ರೇಟ್ ಖಲಿ. ಹುಟ್ಟು ಹಿಮಾಚಲದ್ದು, ಎತ್ತರ ಏಳಡಿಗೂ ಮೇಲೆ, ಪೌರತ್ವ ಮಾತ್ರ ಅಮೆರಿಕದ್ದು. ಈ ಸಲ ಚುನಾವಣಾ ಆಯೋಗದ ಬಾಗಿಲು ತಟ್ಟಿದ್ದು ತೃಣಮೂಲ! ಎರಡೂ ಪಕ್ಷಗಳ ದೂರುಗಳನ್ನು ಪಕ್ಕಪಕ್ಕ ಇಟ್ಟರೆ ಸಿಗುವ ಸಿದ್ಧಾಂತ ಇಷ್ಟೇ: ನಮ್ಮ ಕಡೆಗೆ ಬಂದವನು ನೆಂಟ, ಆ ಕಡೆಗೆ ಹೋದವನು ಪರಕೀಯ. ಫಲಶ್ರುತಿಯನ್ನೂ ಹೇಳಿಬಿಡಬೇಕು: ರಾಯಗಂಜ್‌ನಲ್ಲಿ ತೃಣಮೂಲ ಸೋತಿತು, ಜಾದವಪುರದಲ್ಲಿ ಬಿಜೆಪಿ ಸೋತಿತು. ದಮ್‌ದಮ್‌ನಲ್ಲಿ ತೃಣಮೂಲದ ಪರ ಕಾಣಿಸಿಕೊಂಡ ಇನ್ನೊಬ್ಬ ಬಾಂಗ್ಲಾ ಕಿರುತೆರೆ ನಟನಿಗೂ ಗಂಟುಮೂಟೆ ಕಟ್ಟಿಸಲಾಯಿತು, ಆದರೆ ಅಲ್ಲಿ ಪಕ್ಷ ಗೆದ್ದಿತು. ಶಾಸ್ತ್ರವೆಂದ ಮೇಲೆ ಒಂದು ಅಪವಾದ ಇರಲೇಬೇಕಲ್ಲ.

ಖಲಿ 2022ರಲ್ಲಿ ಬಿಜೆಪಿಯನ್ನೇ ಸೇರಿದರು. ಫಿರ್ದೌಸ್ 2024ರ ಜನವರಿಯಲ್ಲಿ ಸ್ವಂತ ದೇಶದಲ್ಲೇ ಅವಾಮಿ ಲೀಗ್‌ನಿಂದ ಢಾಕಾ-10ರ ಸಂಸದರಾದರು. ಆಗಸ್ಟ್‌ನಲ್ಲಿ ಆ ಸಂಸತ್ತೇ ವಿಸರ್ಜನೆಯಾಯಿತು.

ಆನೀತರಲ್ಲಿ ಉತ್ತಮೋತ್ತಮ ಉದಾಹರಣೆ ಸಲ್ಮಾನ್ ಖಾನ್. 2014ರ ಡಿಸೆಂಬರ್‌ನಲ್ಲಿ ಕೊಲಂಬೊಗೆ ಹೋಗಿ ಮಹಿಂದ ರಾಜಪಕ್ಸೆ ಪರ ವೇದಿಕೆ ಏರಿದರು. ಜನವರಿ 8ರ ಮತದಾನದಲ್ಲಿ ರಾಜಪಕ್ಸೆ ಸೋತರು. ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.

ಕಲಾವಿದ ದುಡ್ಡು ಕೊಡದೆ ದನಿ ಮಾತ್ರ ಕೊಟ್ಟರೆ ಏನು ಗತಿ ಎಂಬುದು ಈ ಪ್ರಭೇದದ ಸೂಕ್ಷ್ಮ ಪ್ರಶ್ನೆ. ಅಮೆರಿಕದಲ್ಲಿ ವಿದೇಶಿಯರು ಚುನಾವಣೆಗೆ ಕಾಸು ಕೊಡುವಂತಿಲ್ಲ. 2008ರಲ್ಲಿ ಇಂಗ್ಲೆಂಡಿನ ಎಲ್ಟನ್ ಜಾನ್ ನ್ಯೂಯಾರ್ಕಿನಲ್ಲಿ ಹಾಡಿ ಹಿಲರಿ ಕ್ಲಿಂಟನ್‌ಗೆ ಸುಮಾರು 25 ಲಕ್ಷ ಡಾಲರ್ ಕೂಡಿಸಿಕೊಟ್ಟರು. ದೂರು ಬಂದಾಗ ಅಲ್ಲಿನ ಆಯೋಗ, ಸಂಬಳವಿಲ್ಲದೆ ಹಾಡಿದ್ದು ಸ್ವಯಂಸೇವೆ, ತಪ್ಪಲ್ಲ ಎಂದಿತು. ಒಂದು ಡಾಲರ್ ಕೊಟ್ಟರೆ ಅಪರಾಧ, 25 ಲಕ್ಷ ಬರುವಂತೆ ಹಾಡಿದರೆ ಸೇವೆ. ನ್ಯಾಯಶಾಸ್ತ್ರದ ಹಳೆಯ ಪಂಡಿತರು ಕೂಡ ಇಷ್ಟು ನಯವಾಗಿ ಕೂದಲು ಸೀಳಿರಲಾರರು.

ಆಗಂತುಕನನ್ನು ಯಾರೂ ಕರೆದಿರುವುದಿಲ್ಲ. ಬೇರೆ ಕೆಲಸಕ್ಕೆ ಬಂದವನು ಮಾತಾಡಿಬಿಡುತ್ತಾನೆ. ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ 2018ರ ಅಕ್ಟೋಬರ್‌ನಲ್ಲಿ ಬ್ರೆಜಿಲ್ ಪ್ರವಾಸದಲ್ಲಿದ್ದರು. ಸಾವೊ ಪಾಲೊದಲ್ಲಿ ವೇದಿಕೆಯ ಪರದೆಯ ಮೇಲೆ ಅಧ್ಯಕ್ಷ ಹುದ್ದೆಯ ಅಭ್ಯರ್ಥಿ ಬೊಲ್ಸೊನಾರೊ ಹೆಸರು ಫ್ಯಾಸಿಸ್ಟರ ಪಟ್ಟಿಯಲ್ಲಿ ಮೂಡಿತು. ಅರ್ಧ ಜನ ಚಪ್ಪಾಳೆ ತಟ್ಟಿದರೆ ಉಳಿದವರು ಕೂಗಿ ಗದ್ದಲ ಎಬ್ಬಿಸಿದರು. ಟಿಕೆಟಿಗೆ ದುಡ್ಡು ಕೊಟ್ಟವರಿಗೆ ಎರಡಕ್ಕೂ ಹಕ್ಕಿದೆ. ಅಂತಿಮ ಸುತ್ತಿನ ಮುನ್ನಾದಿನ ಕುರಿಚಿಬಾದಲ್ಲಿ ರಾತ್ರಿ ಹತ್ತಕ್ಕೆ ಪ್ರಚಾರ ನಿಲ್ಲಬೇಕಿತ್ತು. 9:58ಕ್ಕೆ ವಾಟರ್ಸ್ ತಮ್ಮ ಮಾತನ್ನು ಪರದೆಯ ಮೇಲೆ ಮೂಡಿಸಿ ಮುಗಿಸಿದರು. ಮರುದಿನ ಬೊಲ್ಸೊನಾರೊ ಶೇ 55ರಷ್ಟು ಮತ ಪಡೆದು ಗೆದ್ದರು.

ಇನ್ನು ಅಶರೀರಿ, ಅಂದರೆ ದೇಹ ತನ್ನ ಮನೆಯಲ್ಲಿ, ವಾಣಿ ಪರರ ಕ್ಷೇತ್ರದಲ್ಲಿ. ಇದರ ಪ್ರಾಚೀನ ರೂಪ ಅಂಚೆ: 2004ರಲ್ಲಿ ಲಂಡನ್ನಿನ ‘ಗಾರ್ಡಿಯನ್’ ಪತ್ರಿಕೆ ಒಹಾಯೊದ ಕ್ಲಾರ್ಕ್ ಕೌಂಟಿಯ ಮತದಾರರ ವಿಳಾಸಗಳನ್ನು ಓದುಗರಿಗೆ ಹಂಚಿತು. ಬುಷ್‌ಗೆ ಮತ ಹಾಕಬೇಡಿರೆಂದು ಪತ್ರ ಬರೆದವರಲ್ಲಿ ಕಾದಂಬರಿಕಾರ ಜಾನ್ ಲೆ ಕಾರೆ, ವಿಜ್ಞಾನಿ ರಿಚರ್ಡ್ ಡಾಕಿನ್ಸ್ ಇದ್ದರು. ಹಿಂದಿನ ಸಲ ಗೋರ್ ಕಡೆಗಿದ್ದ ಆ ಕೌಂಟಿ ಈ ಸಲ ಬುಷ್ ಕಡೆಗೆ ವಾಲಿತು. ಒಬಾಮ 2017ರಲ್ಲಿ ಮ್ಯಾಕ್ರಾನ್‌ಗೆ ವಿಡಿಯೊ, 2019ರಲ್ಲಿ ಟ್ರೂಡೊಗೆ ಟ್ವೀಟ್ ದಯಪಾಲಿಸಿದರು; ಇಬ್ಬರೂ ಗೆದ್ದರು, ಶಾಸ್ತ್ರಕ್ಕೆ ಸ್ವಲ್ಪ ಮುಜುಗರವಾಯಿತು.

ಈ ಪ್ರಭೇದದ ಪೂರ್ಣಾವತಾರ ಇಲಾನ್ ಮಸ್ಕ್. 2025ರ ಜನವರಿ 25ರಂದು ಜರ್ಮನಿಯ ಹಾಲೆ ಪಟ್ಟಣದಲ್ಲಿ ಎಎಫ್‌ಡಿ ಪಕ್ಷದ ಸಭೆ. ದೊಡ್ಡ ಪರದೆಯ ಮೇಲೆ ಮಸ್ಕ್ ಮುಖ; ಹಳೆಯ ತಪ್ಪುಗಳ ಭಾರ ಹೊತ್ತು ಕೂರುವುದು ಸಾಕು ಎಂದು ಜರ್ಮನರಿಗೆ ಉಪದೇಶ. ಅದಕ್ಕೂ ಮೊದಲು ಪಕ್ಷದ ನಾಯಕಿ ಆಲಿಸ್ ವೈಡೆಲ್ ಜೊತೆ ಹರಟಿದ್ದು ತಮ್ಮದೇ ಒಡೆತನದ ಎಕ್ಸ್ ಜಾಲದಲ್ಲಿ. ಫೆಬ್ರುವರಿಯಲ್ಲಿ ಎಎಫ್‌ಡಿ ಶೇ 20.8 ಮತ ಪಡೆಯಿತು, ಹಿಂದಿನ ಚುನಾವಣೆಯ ಎರಡರಷ್ಟು. ಅದು ಮಸ್ಕ್ ಮಹಿಮೆಯೇ ಎಂದು ಸಾಧಿಸುವುದು ಯಾವ ಶಾಸ್ತ್ರದಿಂದಲೂ ಆಗದು. ಆದರೆ ರಾಯಗಂಜ್‌ನ ನಟನಿಗೆ ದೇಶ ಬಿಡಿ ಎಂದ ರೀತಿಯಲ್ಲಿ ಇವರಿಗೆ ಹೇಳೋಣವೆಂದರೆ, ದೇಶದೊಳಕ್ಕೆ ಅವರು ಬಂದೇ ಇರಲಿಲ್ಲ.