ಸಚಿವರೇ, ಶಾಲೆ ವಿಲೀನಕ್ಕೆ ಮೊದಲು ಮೇಷ್ಟ್ರನ್ನು ಕೊಡಿ

ಇವರಿಗೆ:
ಶ್ರೀ ಮಧು ಬಂಗಾರಪ್ಪನವರು
ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರು ಹಾಗೂ ಶಿವಮೊಗ್ಗ ಜಿಲ್ಲಾ ಉಸ್ತುವಾರಿ ಸಚಿವರು

ಮಾನ್ಯರೇ,

ಸೊರಬದ ಶಾಸಕರಾದ ತಾವು ರಾಜ್ಯದ ಶಾಲೆಗಳಿಗೂ ಸಚಿವರು, ನಮ್ಮ ಜಿಲ್ಲೆಗೂ ಉಸ್ತುವಾರಿ. ಮಾಮೂಲಿನಂತೆ ಭದ್ರಾವತಿಯ ಬಿಇಒ ಕಚೇರಿಗೋ ಶಿವಮೊಗ್ಗದ ಡಿಡಿಪಿಐ ಕಚೇರಿಗೋ ಅರ್ಜಿ ಕೊಡಬಹುದಿತ್ತು. ಆದರೆ ಅರ್ಜಿ ಒಂದು ಊರಿನ ಶಾಲೆಯದಾಗುತ್ತದೆ. ನಾನು ಹೇಳಬೇಕಾದದ್ದು ಜಿಲ್ಲೆಯ ಏಳೂ ತಾಲ್ಲೂಕುಗಳ ಮಾತು. ಅದಕ್ಕೇ ಎಲ್ಲರೂ ಓದುವಂತೆ ತಮಗೇ ಬರೆಯುತ್ತಿದ್ದೇನೆ.

ಬೆಳಿಗ್ಗೆ ಎಂಟು ಗಂಟೆಗೆ ಹೊಳೆಹೊನ್ನೂರಿನಿಂದ ಶಿವಮೊಗ್ಗಕ್ಕೆ ಬರುವ ರಸ್ತೆಯಲ್ಲಿ ಒಮ್ಮೆ ನಿಂತು ನೋಡಿ. ಒಂದರ ಹಿಂದೊಂದು ಹಳದಿ ವ್ಯಾನುಗಳು. ಊರೊಳಗೆ ಸರ್ಕಾರಿ ಶಾಲೆ ಇದ್ದರೂ ಆರು ವರ್ಷದ ಮಗು ನಿದ್ದೆಗಣ್ಣಿನಲ್ಲಿ ನಗರದ ಕಾನ್ವೆಂಟಿಗೆ ಹೊರಟಿರುತ್ತದೆ. ಅಡಿಕೆ ಸುಲಿಯುವ, ಗಾರೆ ಕೆಲಸಕ್ಕೆ ಹೋಗುವ ತಂದೆತಾಯಿಗಳೂ ಸಾಲ ಮಾಡಿ ಫೀಸು, ವ್ಯಾನಿನ ಬಾಡಿಗೆ ಕಟ್ಟುತ್ತಿದ್ದಾರೆ. ಇಂಗ್ಲಿಷ್ ವ್ಯಾಮೋಹವೆಂದು ಅವರನ್ನು ಬೈಯುವುದು ಸುಲಭ. ಕೇಳಿದರೆ ಅವರು ಮೊದಲು ಹೇಳುವುದು ಬೇರೆಯೇ: "ನಮ್ಮೂರ ಇಸ್ಕೂಲಲ್ಲಿ ಇರೋರೇ ಒಬ್ರು ಮೇಷ್ಟ್ರು. ಅವರಿಗೂ ದಿನಾ ಮೀಟಿಂಗು."

ಒಬ್ಬ ಮೇಷ್ಟ್ರು ಎಂದರೆ ಏನೆಂದು ನಲಿ-ಕಲಿ ಕೋಣೆಯೊಳಗೆ ಕೂತರೆ ತಿಳಿಯುತ್ತದೆ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ಸರ್ಕಾರಿ ಶಿಕ್ಷಕರೇ ಕಟ್ಟಿ ಬೆಳೆಸಿದ ಪದ್ಧತಿ ಅದು. ಒಂದರಿಂದ ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಮೇಲೆ ಮಕ್ಕಳ ಚಿತ್ರಗಳು ತೂಗುವ ಕಲಿಕಾ ಚಪ್ಪರ, ಗೋಡೆಯ ಮೇಲೆ ಕಲಿಕಾ ಏಣಿ, ಕೈಯಲ್ಲಿ ಕಾರ್ಡು. ಮಗು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ ತನ್ನ ತಟ್ಟೆಗೆ, ಅಂದರೆ ತನ್ನ ಗುಂಪಿಗೆ, ಹೋಗಿ ಕೂರುತ್ತದೆ. ಪೂರ್ತಿ ಶಿಕ್ಷಕರ ನೆರವು ಬೇಕಾದವರದ್ದೇ ಒಂದು ತಟ್ಟೆ. ಇನ್ನೊಂದರಲ್ಲಿ ಗೆಳೆಯರು ಕಲಿಸುತ್ತಾರೆ, ಮತ್ತೊಂದರಲ್ಲಿ ಮಗು ತಾನೇ ಕಲಿಯುತ್ತದೆ. ದುಬಾರಿ ಶಾಲೆಗಳೂ ಕಲಿಯಬೇಕಾದ ಕ್ರಮ ಇದು. ಆದರೆ ಆ ಮೇಷ್ಟ್ರೇ ಪಕ್ಕದ ಕೋಣೆಯ ನಾಲ್ಕು, ಐದನೇ ತರಗತಿಯನ್ನೂ ನೋಡಬೇಕು. ಹಾಲು, ರಾಗಿ ಮಾಲ್ಟ್, ಮೊಟ್ಟೆಯ ಲೆಕ್ಕ ಬರೆಯಬೇಕು, ಹಾಜರಾತಿಯನ್ನು ಆನ್‌ಲೈನಿಗೆ ಏರಿಸಬೇಕು. ಶಿಕ್ಷಕರ ನೆರವಿನ ತಟ್ಟೆಯಲ್ಲಿ ಕೂತ ಮಗು ಕಾಯುತ್ತಲೇ ಇರುತ್ತದೆ.

ಇದು ಕಾನೂನಿಗೂ ಒಪ್ಪದ ಸ್ಥಿತಿ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿವರೆಗೆ 60 ಮಕ್ಕಳೊಳಗಿನ ಶಾಲೆಗೂ ಇಬ್ಬರು ಶಿಕ್ಷಕರಿರಬೇಕು. ಹತ್ತು ವರ್ಷಕ್ಕೊಮ್ಮೆಯ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಅವರನ್ನು ಹಚ್ಚಬಾರದೆಂದು 27ನೇ ಸೆಕ್ಷನ್ ಹೇಳುತ್ತದೆ. 2025ರ ದಸರೆಯಲ್ಲಿ ಆದದ್ದೇನು? ಶಿಕ್ಷಕರ ಕೈಯಲ್ಲಿ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಮುಗಿಸಲೆಂದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಲಾಯಿತು. ಅನುದಾನರಹಿತ ಖಾಸಗಿ ಶಾಲೆಗಳಿಗೆ ಆ ರಜೆ ಇರಲಿಲ್ಲ. ಸಮೀಕ್ಷೆ ಬೇಡವೆಂದು ನಾನು ಹೇಳುತ್ತಿಲ್ಲ. ಹಿಂದುಳಿದವರ ಲೆಕ್ಕ ಸಿಗಲೆಂದು ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸಿದ್ದು ಸರಿಯಲ್ಲ.

ಮೇಷ್ಟ್ರಿಲ್ಲದ ಶಾಲೆಯಿಂದ ಮಕ್ಕಳು ಹೋಗುತ್ತಾರೆ. ಮಕ್ಕಳು ಕಡಿಮೆಯಾದರೆಂದು ಹುದ್ದೆಯನ್ನು 'ಹೆಚ್ಚುವರಿ' ಎಂದು ಬೇರೆ ಕಡೆ ಕಳಿಸುತ್ತಾರೆ. ಮರುವರ್ಷ ಇನ್ನಷ್ಟು ಮಕ್ಕಳು ಟಿ.ಸಿ. ಪಡೆಯುತ್ತಾರೆ. ಕೊನೆಗೆ ದಾಖಲಾತಿ ಇಲ್ಲದ ಶಾಲೆಯನ್ನು ಯಾಕೆ ನಡೆಸಬೇಕೆಂಬ ಪ್ರಶ್ನೆ ಬರುತ್ತದೆ. ಭದ್ರಾವತಿಯಲ್ಲಿ ಇದರ ಮೇಲೆ ಇನ್ನೊಂದು ಪೆಟ್ಟೂ ಬಿದ್ದಿದೆ. ಕಬ್ಬಿಣ ಮತ್ತು ಕಾಗದದ ಕಾರ್ಖಾನೆಗಳನ್ನು ನಂಬಿ ಬೆಳೆದ ಊರು ಇದು. ಕಾಗದದ ಕಾರ್ಖಾನೆ ಎಂಪಿಎಂ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆ ವಿಐಎಸ್‌ಎಲ್ ಮುಚ್ಚಲು ತೀರ್ಮಾನವಾಯಿತು. ಆಮೇಲೆ ಹೋರಾಟ ನಡೆದು ಕಾರ್ಖಾನೆ ಅಷ್ಟಿಷ್ಟು ನಡೆಯುತ್ತಿದ್ದರೂ ಕೆಲಸ ಹುಡುಕಿಕೊಂಡು ಸಂಸಾರಗಳು ಊರು ಬಿಟ್ಟಿವೆ. ಪೇಪರ್ ಟೌನ್, ನ್ಯೂಟೌನ್ ಸುತ್ತಲಿನ ಶಾಲೆಗಳಲ್ಲಿ ಮಕ್ಕಳು ಕಡಿಮೆಯಾದರೆ ಆ ಶಾಲೆಗಳ ತಪ್ಪೇನು?

ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ನಾನು ವಿರೋಧಿಸುವುದಿಲ್ಲ. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಆವರಣದಲ್ಲಿ ಓದು ಸಿಗುವುದಾದರೆ ಜನ ಬರುತ್ತಾರೆಂದು ಆ ಶಾಲೆಗಳೇ ತೋರಿಸಿವೆ. ನನ್ನ ಭಯವಿರುವುದು ಸುತ್ತಲಿನ ಸಣ್ಣ ಶಾಲೆಗಳನ್ನು ಅವುಗಳೊಳಗೆ ಸೇರಿಸುವ ಯೋಚನೆಯ ಬಗ್ಗೆ. ಹೊಸನಗರ, ತೀರ್ಥಹಳ್ಳಿ, ಸಾಗರದ ಹಳ್ಳಿಗಳನ್ನು ತಮಗೆ ನಾನು ವಿವರಿಸಬೇಕಿಲ್ಲ. ಅಲ್ಲೊಂದು ಮನೆ, ಇಲ್ಲೊಂದು ಮನೆ, ನಡುವೆ ಗದ್ದೆ, ಕಾಡು, ಹಳ್ಳ. ನಕ್ಷೆಯಲ್ಲಿ ಮೂರು ಕಿಲೋಮೀಟರಿರುವ ದೂರ ಆಷಾಢದ ಮಳೆಯಲ್ಲಿ ನೆನೆದ ಕಾಲುಸಂಕ ದಾಟುವ ಏಳು ವರ್ಷದ ಹುಡುಗಿಗೆ ಎಷ್ಟಾಗುತ್ತದೆ? ಎಂಟನೇ ತರಗತಿಯ ಮಕ್ಕಳಿಗೆ 2006-07ರಿಂದ ಸಿಗುತ್ತಿದ್ದ ಸೈಕಲ್ ಕೂಡ ಕೋವಿಡ್ ಕಾಲದಲ್ಲಿ ನಿಂತಿತು. ಊರ ಶಾಲೆ ಮುಚ್ಚಿದರೆ ಹುಡುಗರು ಹೇಗಾದರೂ ಹೋದಾರು, ಹೆಣ್ಣುಮಕ್ಕಳನ್ನು ಮನೆಯಲ್ಲೇ ಉಳಿಸಿಕೊಳ್ಳುತ್ತಾರೆ.

ತಮ್ಮ ಸರ್ಕಾರ ಮಕ್ಕಳ ಹೊಟ್ಟೆಯನ್ನು ಮರೆತಿಲ್ಲ. ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನೊಂದಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ತೀರ್ಮಾನಕ್ಕೆ ಬಡವರ ಮನೆಗಳು ಋಣಿಯಾಗಿವೆ. ಅದೇ ಕಾಳಜಿ ಪಾಠಕ್ಕೂ ಬರಲಿ ಎಂಬುದು ನನ್ನ ಕೋರಿಕೆ. ಸರ್ಕಾರಿ ಶಾಲೆಗಳ ಸಬಲೀಕರಣದ ಬಗ್ಗೆ ಕನ್ನಡ ಅಭಿವೃದ್ಧಿ ಪ್ರಾಧಿಕಾರ 2017ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದೆ. ಉಳ್ಳವರ ಮಕ್ಕಳೂ ಇಲ್ಲದವರ ಮಕ್ಕಳೂ ಒಂದೇ ನೆರೆಹೊರೆಯ ಶಾಲೆಯಲ್ಲಿ ಕೂರಬೇಕೆಂದು ಇದೇ ಜಿಲ್ಲೆಯ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು ಕೊನೆಯವರೆಗೂ ವಾದಿಸಿದರು. ವಿಚಾರಕ್ಕೆ ನಮ್ಮಲ್ಲಿ ಬರವಿಲ್ಲ. ಬೇಕಾಗಿರುವುದು ಆದೇಶ.

ತಮ್ಮ ತವರು ಜಿಲ್ಲೆಯಿಂದಲೇ ನಾಲ್ಕು ಕೆಲಸ ಶುರುವಾಗಲಿ. ಮೊದಲನೆಯದು, ಇಬ್ಬರು ಶಿಕ್ಷಕರನ್ನು ಕೊಟ್ಟು ಮೂರು ವರ್ಷ ನೋಡದೆ ಯಾವ ಶಾಲೆಯನ್ನೂ ವಿಲೀನ ಮಾಡಬೇಡಿ. ಎರಡನೆಯದು, ಕಾಯಂ ನೇಮಕ ಆಗುವವರೆಗೆ ಅತಿಥಿ ಶಿಕ್ಷಕರು ಶಾಲೆ ತೆರೆಯುವ ದಿನವೇ ತರಗತಿಯಲ್ಲಿರಲಿ, ಅವರ ಗೌರವಧನ ತಿಂಗಳು ತಿಂಗಳು ಕೈಸೇರಲಿ. ಮೂರನೆಯದು, ಶಾಲೆಯನ್ನು ಸೇರಿಸುವ ಮಾತು ಬಂದರೆ ಮೊದಲು ಬಸ್ಸು ಓಡಲಿ, ಆಮೇಲೆ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ತಾಯಂದಿರ ಒಪ್ಪಿಗೆ ಕೇಳಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕೆಂದು ಕಾಯ್ದೆ ಹೇಳುವುದು ಇಂಥ ತೀರ್ಮಾನಗಳಿಗಾಗಿಯೇ. ನಾಲ್ಕನೆಯದು, ಪಾಠದ ಹೊತ್ತಿನಲ್ಲಿ ಶಿಕ್ಷಕರನ್ನು ಯಾವ ಸಮೀಕ್ಷೆಗೂ ಮೀಟಿಂಗಿಗೂ ಎಳೆಯಬೇಡಿ.

ಇದನ್ನು ಓದುವ ನೆರೆಹೊರೆಯವರಿಗೂ ಒಂದು ಮಾತು. ನಮ್ಮೂರ ಎಸ್‌ಡಿಎಂಸಿ ಸಭೆಗೆ ನಾವು ಹೋಗದೆ, ಖಾಲಿ ಹುದ್ದೆಯ ಬಗ್ಗೆ ಗ್ರಾಮಸಭೆಯಲ್ಲಿ ಬಾಯಿ ಬಿಡದೆ ಸಚಿವರೊಬ್ಬರನ್ನೇ ಕೇಳಿದರೆ ಸಾಲದು. ಮುಂದಿನ ಸಭೆಗೆ ದಯವಿಟ್ಟು ಬನ್ನಿ.

ಇಂತಿ ತಮ್ಮ ವಿಶ್ವಾಸಿ,
ಭದ್ರಾವತಿ ತಾಲ್ಲೂಕಿನ ಒಬ್ಬ ಪೋಷಕ