ಅಣ್ಣಾವ್ರು ಯಾಕೆ ಊದಿಕೊಂಡರು?

ನಮ್ಮ ರಾಜಗೋಪಾಲನಗರದಲ್ಲಿ ಕಾಂಪೌಂಡ್ ಅಂದರೆ ಎದೆಮಟ್ಟದ ಒಂದು ಗೋಡೆ. ಅದರಾಚೆಗಿನ ಒಗ್ಗರಣೆ, ಟಿವಿ, ಅತ್ತೆ–ಸೊಸೆ ಮಾತು ಎಲ್ಲ ನಮ್ಮ ಮನೆಯದೇ ಅನ್ನುವಷ್ಟು ಹತ್ತಿರ. ಪಕ್ಕದ ಮನೆಯವರು ಪೀಣ್ಯದ ಟೂಲ್‌ರೂಮಿನಲ್ಲಿ ಫೋರ್‌ಮನ್ ಆಗಿ ನಿವೃತ್ತರಾದವರು. ಆಯುಷ್ಯವಿಡೀ ಮೈಕ್ರಾನ್ ಲೆಕ್ಕ ಹಾಕಿದ ಮನುಷ್ಯನಿಗೆ ಮಗ ಗೋಡೆಯಗಲದ ಟಿವಿ ತಂದುಕೊಟ್ಟ. ತಕರಾರು ಶುರುವಾಯಿತು.

“ಸಾರ್, ಅಣ್ಣಾವ್ರು ಯಾಕೆ ಹಿಂಗೆ ಊದ್ಕೊಂಡವ್ರೆ?”

ಕೈಯಲ್ಲಿ ಸ್ಟೀಲ್ ಸ್ಕೇಲ್ ಬೇರೆ. ಪರದೆಯ ಮೇಲಿನ ಎತ್ತಿನಗಾಡಿಯ ಚಕ್ರ ಅಳೆದು ಬಂದಿದ್ದರು: ಅಗಲ 16 ಸೆಂಟಿಮೀಟರ್, ಎತ್ತರ 12. “ಇಂಥಾ ಚಕ್ರದ ಗಾಡಿ ಹತ್ತಿದ್ರೆ ಸೊಂಟ ಉಳಿಯುತ್ತಾ, ನೀವೇ ಹೇಳಿ.”

ಅಳತೆ ಕರಾರುವಾಕ್ಕಾಗಿತ್ತು. ಅಣ್ಣಾವ್ರ, ಅಂದರೆ ರಾಜಕುಮಾರರ, ಹಳೆಯ ಸಿನಿಮಾಗಳ ಚೌಕಟ್ಟು ಹೆಚ್ಚುಕಮ್ಮಿ ಚೌಕ. ಎತ್ತರ 1 ಆದರೆ ಅಗಲ 1.37. ಹಳೆಯ ಡಬ್ಬಾ ಟಿವಿಯದು 4:3, ಅಂದರೆ 1.33. ಇಬ್ಬರಿಗೂ ಜಗಳವೇ ಇರಲಿಲ್ಲ. ಈಗಿನ ಟಿವಿ 16:9. ಪರದೆ ತುಂಬಲೇಬೇಕೆಂದು ಹಟ ಹಿಡಿದರೆ ಇರುವುದು ಎರಡೇ ದಾರಿ. ಚಿತ್ರವನ್ನು ಅಡ್ಡಕ್ಕೆ ಮೂರನೇ ಒಂದರಷ್ಟು ಎಳೆಯಬೇಕು, ಇಲ್ಲವೇ ಮೇಲೆ ಕೆಳಗೆ ಕತ್ತರಿಸಿ ಕಾಲುಭಾಗ ಎಸೆಯಬೇಕು. ಎಳೆದರೆ ರಾಜಕುಮಾರರ ಮುಖ ತಟ್ಟಿದ ರೊಟ್ಟಿ. ಕತ್ತರಿಸಿದರೆ ಮಹಾರಾಜನ ಕಿರೀಟವೂ ಇಲ್ಲ, ನರ್ತಕಿಯ ಗೆಜ್ಜೆಯೂ ಇಲ್ಲ. ರಾಜಕುಮಾರರ ಸಮಾಧಿ ಇರುವುದು ಇಲ್ಲೇ, ಲಗ್ಗೆರೆ ದಾಟಿದರೆ ಸಿಗುವ ಕಂಠೀರವ ಸ್ಟುಡಿಯೋದಲ್ಲಿ. ಇಷ್ಟು ಹತ್ತಿರದಲ್ಲಿದ್ದುಕೊಂಡು ನಾವೇ ಹೀಗೆ ಮಾಡಿದರೆ ಹೇಗೆ ಅನ್ನುವುದು ಫೋರ್‌ಮನ್ನರ ಸಂಕಟ.

“ಎರಡೂ ಕಡೆ ಕಪ್ಪು ಬಿಟ್ರೆ ಯಾರಪ್ಪನ ಗಂಟು ಹೋಗುತ್ತೆ?”

ಉತ್ತರ ಅವರ ಸೊಸೆಯಿಂದ ಬಂತು, ಕಿಟಕಿಯ ಮೂಲಕ: “ಅಷ್ಟು ದುಡ್ಡು ಸುರಿದು ತಂದಿದ್ದು ಕಪ್ಪು ಪಟ್ಟಿ ನೋಡೋಕಾ ಮಾವ?” ಹಳೆಯ ಸಿನಿಮಾ ಮಾರುವವರೆಲ್ಲ ನಂಬಿರುವುದು ಈ ಮಾತನ್ನೇ.

ಹಿಂದೆ ಕಾಟ ಉಲ್ಟಾ ಇತ್ತು. ಕನ್ನಡದ ಮೊದಲ ಸಿನಿಮಾಸ್ಕೋಪ್ ಚಿತ್ರ 1977ರ ‘ಸೊಸೆ ತಂದ ಸೌಭಾಗ್ಯ’. ಸ್ಕೋಪಿನಲ್ಲಿ ಕ್ಯಾಮೆರಾದ ವಿಶೇಷ ಲೆನ್ಸು ದೃಶ್ಯವನ್ನು ಅಡ್ಡಕ್ಕೆ ಅರ್ಧ ಹಿಂಡಿ ಫಿಲ್ಮಿಗಿಳಿಸುತ್ತದೆ. ಥಿಯೇಟರಿನ ಲೆನ್ಸು ಅದನ್ನು ಮತ್ತೆ ಹಿಗ್ಗಿಸಿ 2.35ರ ಅಗಲಕ್ಕೆ ಹರಡುತ್ತದೆ. ಅಂಥ ಚಿತ್ರವನ್ನು ಡಬ್ಬಾ ಟಿವಿಯ ತುಂಬ ತುಂಬಿಸಬೇಕಾದರೆ ಐದರಲ್ಲಿ ಎರಡು ಪಾಲು ಬಿಸಾಡಬೇಕು. ನಾಯಕ ಎಡತುದಿಯಲ್ಲಿ, ನಾಯಕಿ ಬಲತುದಿಯಲ್ಲಿ ನಿಂತು ಪ್ರೇಮ ನಿವೇದಿಸಿಕೊಂಡರೆ ನಮಗೆ ಕಾಣುತ್ತಿದ್ದುದು ನಡುವಿನ ಹೂಕುಂಡ. ಎರಡು ಮೂಗುಗಳೂ ಕಂಡರೆ ಅದು ನಮ್ಮ ಪುಣ್ಯ.

ಅದೃಷ್ಟವಂತ ಚಿತ್ರಗಳೂ ಉಂಟು. ಅದೇ 1977ರಲ್ಲಿ ಬಂದದ್ದು ಗಿರೀಶ ಕಾಸರವಳ್ಳಿಯವರ ಕಪ್ಪು–ಬಿಳುಪಿನ ‘ಘಟಶ್ರಾದ್ಧ’. ಅದರ ಮೂಲ ನೆಗೆಟಿವ್ ಉಳಿದಿತ್ತು. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸೆಯವರ ಸಂಸ್ಥೆ ಸೇರಿ ಇಟಲಿಯ ಬೊಲೊನ್ಯಾದ ಲ್ಯಾಬಿನಲ್ಲಿ ಅದನ್ನು ತೊಳೆದು ತಿದ್ದಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಎಲ್ಲ ಚಿತ್ರಕ್ಕೂ ಈ ಭಾಗ್ಯವಿಲ್ಲ. ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿಯೇ ಇಲ್ಲ ಅನ್ನುವಾಗ ಚೌಕಟ್ಟಿನ ಮಾತೆಲ್ಲಿ?

ಮಿಕ್ಕವು ನಮಗೆ ಸಿಕ್ಕಿದ್ದು ವಿಸಿಡಿಯಲ್ಲಿ. ಅಡ್ಡಕ್ಕೆ 352, ಉದ್ದಕ್ಕೆ 288 ಚುಕ್ಕೆ, ಒಟ್ಟು ಒಂದು ಲಕ್ಷ. ಡಿವಿಡಿಯಲ್ಲಿ ಅದರ ನಾಲ್ಕರಷ್ಟು. ಈಗ ಅಂಥದೇ ಹಳೆಯ ಟೇಪಿನ ನಕಲಿಗೆ ‘4ಕೆ’ ಅಂತ ಚೀಟಿ ಅಂಟಿಸುತ್ತಾರೆ. 4ಕೆ ಅಂದರೆ 83 ಲಕ್ಷ ಚುಕ್ಕೆ. ಒಂದು ಲಕ್ಷ ಅಸಲು, ಉಳಿದದ್ದೆಲ್ಲ ಕಂಪ್ಯೂಟರಿನ ಊಹೆ. “ತುಕ್ಕು ಹಿಡಿದ ಬೋಲ್ಟಿಗೆ ಪೇಂಟ್ ಹೊಡೆದು ಹೊಸದು ಅಂದ್ರೆ ನಮ್ ಇನ್‌ಸ್ಪೆಕ್ಷನ್‌ನಲ್ಲಿ ವಾಪಸ್ ಕಳಿಸ್ತಿದ್ವಿ,” ಅಂದರು ಫೋರ್‌ಮನ್ನರು.

ಬಣ್ಣದ ವಿಷಯದಲ್ಲಿ ಮಾತ್ರ ನಮ್ಮಿಬ್ಬರಿಗೆ ಹೊಂದುವುದಿಲ್ಲ. ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣ ಹೊದ್ದು ಬಂದಾಗ ಅವರು ಶಿಳ್ಳೆ ಹೊಡೆದವರು. ನನಗೆ ಕಪ್ಪು–ಬಿಳುಪೇ ಸಾಕು. ಆದರೂ ಬಣ್ಣ ಬೇಡವಾದರೆ ಟಿವಿಯ ಕಲರ್ ಸೊನ್ನೆಗಿಳಿಸಬಹುದು, ಕತ್ತರಿಸಿದ ಕಿರೀಟವನ್ನು ಮಾತ್ರ ಯಾವ ಗುಂಡಿಯೂ ವಾಪಸ್ ತರುವುದಿಲ್ಲ. ಹಾಗಾಗಿ ಮಸುಕಾದ ಪೂರ್ತಿ ಚಿತ್ರ ಒಂದು ಕಡೆ, ಫಳಫಳ ಹೊಳೆಯುವ ಮುಕ್ಕಾಲು ಚಿತ್ರ ಇನ್ನೊಂದು ಕಡೆ ಇಟ್ಟರೆ ನನ್ನ ಓಟು ಮಸುಕಿಗೇ.

ನಿಮ್ಮಲ್ಲೂ ಅಣ್ಣಾವ್ರು ಊದಿಕೊಂಡಿದ್ದರೆ ಸ್ಕೇಲ್ ಹುಡುಕಬೇಡಿ. ಚಕ್ರವೋ ಗಡಿಯಾರವೋ ಹಣೆಯ ಕುಂಕುಮವೋ ಮೊಟ್ಟೆಯಾಗಿದೆಯೇ ನೋಡಿ. ಆಗಿದ್ದರೆ ಟಿವಿಯ ಸೆಟ್ಟಿಂಗ್ಸಿನಲ್ಲಿ ಪಿಕ್ಚರ್ ಸೈಜ್ ಹುಡುಕಿ 4:3ಕ್ಕೆ ತನ್ನಿ. ಸೊಸೆ ಗೊಣಗಿದರೆ ಗೊಣಗಲಿ ಬಿಡಿ.